ಹೊಳೆ ಬದಿಯ ಕೆಥೆಡ್ರಲ್: ಜಲವರ್ಣದಲ್ಲಿ ಬಿಡಿಸುವ ಬಗೆ, ಮೊದಲ ಗೆರೆಯಿಂದ ಫ್ರೇಮಿನವರೆಗೆ

ನಮ್ಮ ಕಾಸರಗೋಡಿನ ಕಡೆ ‘ನೆರಳು’ ಅನ್ನುವ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ಮಾವಿನ ಮರದ ಅಡಿಯಲ್ಲಿ ಕುಳಿತರೆ ಅದು ನೆರಳು. ಹೊಳೆಯ ನೀರಿನಲ್ಲಿ ತೆಂಗಿನ ಮರ ತಲೆಕೆಳಗಾಗಿ ಕಂಡರೆ ಅದೂ ನೆರಳೇ. ಮಾತಾಡುವಾಗ ಇದರಿಂದ ಏನೂ ತೊಂದರೆ ಇಲ್ಲ. ಚಿತ್ರ ಬಿಡಿಸುವಾಗ ಮಾತ್ರ ದೊಡ್ಡ ತೊಂದರೆ. ಭಾನುವಾರ ನನ್ನ ಹತ್ತಿರ ಚಿತ್ರ ಕಲಿಯಲು ಬರುವವರಲ್ಲಿ ಹೆಚ್ಚಿನವರು ಕಟ್ಟಡವನ್ನು ಚೆನ್ನಾಗಿಯೇ ಬಿಡಿಸುತ್ತಾರೆ. ಕಿಟಕಿ ಎಣಿಸಿ ಹಾಕುತ್ತಾರೆ, ಕಲ್ಲಿನ ಸಂದು ಕೂಡ ಬಿಡುವುದಿಲ್ಲ. ಆಮೇಲೆ ನೀರಿಗೆ ಬಂದಾಗ ಒಂದು ಕಪ್ಪು ಪಟ್ಟಿ ಎಳೆದು ಮುಗಿಸುತ್ತಾರೆ. ಇಗರ್ಜಿ, ಅಂದರೆ ಚರ್ಚು, ಹೊಳೆಯ ಬದಿಯಲ್ಲಿ ನಿಂತ ಹಾಗೆ ಕಾಣುವುದಿಲ್ಲ, ಟಾರು ರಸ್ತೆಯ ಬದಿಯಲ್ಲಿ ನಿಂತ ಹಾಗೆ ಕಾಣುತ್ತದೆ.

ಹಾಗಾಗಿ ಈ ಬರಹದಲ್ಲಿ ಕಟ್ಟಡಕ್ಕೆ ಎಷ್ಟು ಜಾಗ ಕೊಟ್ಟಿದ್ದೇನೋ ಆಕಾಶಕ್ಕೂ ನೀರಿಗೂ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೇನೆ. ನಿಮ್ಮ ಕಾಗದದ ಮೇಲೂ ಲೆಕ್ಕ ಹಾಗೇ ಇರಲಿ.

ಯಾವ ಕೆಥೆಡ್ರಲ್?

ಮೊದಲು ಹೆಸರಿನ ವಿಷಯ. ದೊಡ್ಡ ಇಗರ್ಜಿಗಳೆಲ್ಲ ಕೆಥೆಡ್ರಲ್ ಅಲ್ಲ. ಬಿಷಪರ ಪೀಠ ಇರುವ ಇಗರ್ಜಿ ಮಾತ್ರ ಕೆಥೆಡ್ರಲ್. ನಮಗೆ ಹತ್ತಿರದ್ದು ಮಂಗಳೂರಿನ ರೊಸಾರಿಯೊ, ಅದರ ತಲೆಯ ಮೇಲೆ ಗುಮ್ಮಟ ಇದೆ. ಇಲ್ಲಿ ನಮಗೆ ಬೇಕಾದದ್ದು ಸೂಜಿಯ ಹಾಗೆ ಮೇಲೆ ಹೋಗುವ ಶಿಖರ. ಅದಕ್ಕೆ ನಾನು ಆರಿಸಿಕೊಂಡದ್ದು ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್. ಅದರ ಮುಖ್ಯ ಕಟ್ಟಡದ ಕೆಲಸ 1220ರಲ್ಲಿ ಶುರುವಾಗಿ 1258ರ ಹೊತ್ತಿಗೆ ಮುಗಿಯಿತು. ಶಿಖರ ಆಮೇಲೆ ಸೇರಿದ್ದು. ನೆಲದಿಂದ ಶಿಖರದ ತುದಿಗೆ 123 ಮೀಟರ್. ಬ್ರಿಟನ್ನಿನ ಇಗರ್ಜಿಗಳಲ್ಲಿ ಅಷ್ಟು ಎತ್ತರದ ಶಿಖರ ಬೇರೆ ಇಲ್ಲ.

ಇನ್ನೊಂದು ಕಾರಣವೂ ಇದೆ. ಹೊಳೆ ಬದಿಯ ಕೆಥೆಡ್ರಲ್ ಅಂದ ಕೂಡಲೇ ಚಿತ್ರ ಕಲಿತವರಿಗೆ ನೆನಪಾಗುವುದು ಜಾನ್ ಕಾನ್‌ಸ್ಟೆಬಲ್ ಬಿಡಿಸಿದ ಸಾಲ್ಸ್‌ಬರಿ. 1831ರಲ್ಲಿ ಪ್ರದರ್ಶನಕ್ಕೆ ಇಟ್ಟ ತೈಲಚಿತ್ರ, ಹೆಚ್ಚುಕಡಿಮೆ ಆರು ಅಡಿ ಅಗಲ. ಮುಂದೆ ನಾಡರ್ ಎಂಬ ಸಣ್ಣ ಹೊಳೆ, ನೀರಿಗೆ ಇಳಿದ ಕುದುರೆ ಗಾಡಿ, ಒಂದು ನಾಯಿ. ಹಿಂದೆ ಮೋಡ ಕವಿದ ಆಕಾಶಕ್ಕೆ ಚುಚ್ಚಿದ ಹಾಗೆ ಶಿಖರ, ಅದರ ಮೇಲೆ ಕಾಮನಬಿಲ್ಲು. ಅದನ್ನು ಒಮ್ಮೆ ಫೋನಿನಲ್ಲಿ ದೊಡ್ಡದು ಮಾಡಿ ನೋಡಿ. ಇಗರ್ಜಿ ಎಷ್ಟು ಸಣ್ಣದಿದೆ ಅಂತ ಬೆರಳಿಟ್ಟು ಅಳೆಯಿರಿ. ಆಶ್ಚರ್ಯ ಆಗುತ್ತದೆ.

ನಾವು ಅದರ ನಕಲು ಮಾಡುವುದು ಬೇಡ. ಇಗರ್ಜಿಯ ಆಕಾರ ಸಾಲ್ಸ್‌ಬರಿಯ ಫೋಟೋಗಳಿಂದ ತೆಗೆದುಕೊಳ್ಳೋಣ. ನೀರನ್ನು ಮಾತ್ರ ಫೋಟೋದಿಂದ ಕಲಿಯಬೇಡಿ. ನೀರು ಕಲಿಯಲು ನಮಗೆ ಪಯಸ್ವಿನಿ ಇದೆ. ಕೊಡಗಿನ ಬೆಟ್ಟದಿಂದ ಸುಳ್ಯ ದಾಟಿ ಬಂದು, ಚಂದ್ರಗಿರಿ ಅನ್ನುವ ಹೆಸರಿನಲ್ಲಿ ಕಾಸರಗೋಡು ಪೇಟೆಯನ್ನು ಬಳಸಿಕೊಂಡು ಸಮುದ್ರ ಸೇರುವ ಹೊಳೆ. ಚಂದ್ರಗಿರಿ ಕೋಟೆಯ ಮೇಲೆ ನಿಂತರೆ ಹೊಳೆ, ಸೇತುವೆ, ತೆಂಗಿನ ತೋಟ ಎಲ್ಲ ಒಟ್ಟಿಗೆ ಕಾಣುತ್ತವೆ. ಇಳಿದು ದಡಕ್ಕೆ ಬಂದು ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಮೊದಲ ದಿನ ಪೆನ್ಸಿಲ್ ಮುಟ್ಟಬೇಡಿ.

ಸಾಮಾನು

ಕಾಗದಕ್ಕೆ ಕಂಜೂಸುತನ ಮಾಡಬೇಡಿ. ಬಣ್ಣ ಅಗ್ಗದ್ದಾದರೂ ನಡೆಯುತ್ತದೆ, ಬ್ರಶ್ ಹಳೆಯದಾದರೂ ನಡೆಯುತ್ತದೆ, ಕಾಗದ ಕೆಟ್ಟದಾದರೆ ಏನೂ ನಡೆಯುವುದಿಲ್ಲ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ, ಹತ್ತಿಯಿಂದ ಮಾಡಿದ, ಕೋಲ್ಡ್ ಪ್ರೆಸ್ಡ್, ಅಂದರೆ ಮೈ ತುಸು ತರಿತರಿ ಇರುವ ಕಾಗದ ಕೇಳಿ. ಶಾಲಾ ಕಲೋತ್ಸವದ ಸ್ಪರ್ಧೆಗೆ ಮಕ್ಕಳು ಅಭ್ಯಾಸ ಮಾಡುವ ತೆಳು ಕಾಗದದಲ್ಲಿ ಆಕಾಶ ಒದ್ದೆ ಮಾಡಿದ ಕೂಡಲೇ ಅದು ಹಪ್ಪಳದ ಹಾಗೆ ಏಳುತ್ತದೆ. ಪೂರ್ತಿ ಹಾಳೆ 56 × 76 ಸೆಂಟಿಮೀಟರ್ ಇರುತ್ತದೆ. ಅದನ್ನು ನಾಲ್ಕು ಮಾಡಿದರೆ 28 × 38. ಈ ಚಿತ್ರಕ್ಕೆ ಅಷ್ಟು ಸಾಕು, ಖರ್ಚೂ ಕಡಿಮೆ.

ಬಣ್ಣ ಆರು ಸಾಕು: ಅಲ್ಟ್ರಾಮರೀನ್ ಬ್ಲೂ, ಸೆರುಲಿಯನ್ ಬ್ಲೂ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಪು ಕಂದು), ಕ್ರಿಮ್ಸನ್ (ಕಡುಗೆಂಪು), ಒಂದು ತೆಳು ಹಳದಿ. ಕಪ್ಪು ಟ್ಯೂಬನ್ನು ಮನೆಯಲ್ಲೇ ಬಿಟ್ಟು ಬನ್ನಿ. ಅಲ್ಟ್ರಾಮರೀನಿಗೆ ಬರ್ಂಟ್ ಸಿಯೆನ್ನಾ ಸೇರಿಸಿದರೆ ಬೇಕಾದ ಬೂದು ಎಲ್ಲ ಸಿಗುತ್ತದೆ. ನೀಲಿ ಹೆಚ್ಚಾದರೆ ಮಳೆಮೋಡ, ಕಂದು ಹೆಚ್ಚಾದರೆ ಹಳೆಯ ಕಲ್ಲು. ಬೆರೆಸಲು ಪ್ಯಾಲೆಟ್ಟೇ ಬೇಕೆಂದಿಲ್ಲ, ಬಿಳಿ ಪಿಂಗಾಣಿ ತಟ್ಟೆ ಆಗುತ್ತದೆ. ಒಂದು ಇಂಚಿನ ಚಪ್ಪಟೆ ಬ್ರಶ್, 12 ಮತ್ತು 6ನೇ ನಂಬರಿನ ದುಂಡು ಬ್ರಶ್, ಹುಲ್ಲು ಕೊಂಬೆಗೆ ಉದ್ದ ಕೂದಲಿನ ರಿಗ್ಗರ್. ನೀರಿಗೆ ಎರಡು ಡಬ್ಬಿ: ಒಂದು ಬ್ರಶ್ ತೊಳೆಯಲು, ಇನ್ನೊಂದು ಬಣ್ಣಕ್ಕೆ ಶುದ್ಧ ನೀರು ತೆಗೆಯಲು. ಮಾಸ್ಕಿಂಗ್ ಟೇಪು, ಬೋರ್ಡು, ಒಂದು ಹಳೆಯ ಬನಿಯನ್ ತುಂಡು.

ಹೊರಗೆ ಕೂರುವುದಾದರೆ ಕೊಡೆ ಕಪ್ಪು ಅಥವಾ ಬೂದು ಇರಲಿ. ಕೆಂಪು ಕೊಡೆಯ ಕೆಳಗೆ ಕಾಗದ ಗುಲಾಬಿಯಾಗಿ ಕಾಣುತ್ತದೆ. ನಾವು ಆಕಾಶಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ನೀಲಿ ಸುರಿದು, ಮನೆಗೆ ಬಂದು ತಲೆ ಚಚ್ಚಿಕೊಳ್ಳುತ್ತೇವೆ. ಹೇಳಿದ್ದು ಅನುಭವದಿಂದ.

ಬೆಳಕಿನ ಹೊತ್ತು

ಸಾಲ್ಸ್‌ಬರಿ ಇರುವುದು 51 ಡಿಗ್ರಿ ಉತ್ತರದಲ್ಲಿ. ಅಲ್ಲಿ ಸೂರ್ಯ ಎಂದೂ ನೆತ್ತಿಯ ಮೇಲೆ ಬರುವುದಿಲ್ಲ. ಹಗಲಿಡೀ ಬೆಳಕು ಓರೆಯಾಗಿ ಬಿದ್ದು, ಗೋಡೆಯ ಒಂದು ಮಗ್ಗುಲು ಬೆಳಗಿ ಇನ್ನೊಂದು ಮಗ್ಗುಲು ಕಪ್ಪಾಗುತ್ತದೆ. ಕಾಸರಗೋಡು ಹನ್ನೆರಡೂವರೆ ಡಿಗ್ರಿಯಲ್ಲಿದೆ. ಏಪ್ರಿಲ್ ಕೊನೆಯ ಭಾಗದಲ್ಲೂ ಆಗಸ್ಟ್ ಮೂರನೆಯ ವಾರದಲ್ಲೂ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೇ ಬರುತ್ತಾನೆ. ಆಗ ಎಲ್ಲ ಗೋಡೆಗಳೂ ಒಂದೇ ತರಹ ಸಪ್ಪೆ. ಆಕಾರವನ್ನು ತೋರಿಸುವುದೇ ನೆರಳು, ಅದೇ ಇಲ್ಲದಿದ್ದರೆ ಬಿಡಿಸುವುದೇನನ್ನು?

ನಮ್ಮಲ್ಲಿ ಅಭ್ಯಾಸಕ್ಕೆ ಕೂರುವುದಾದರೆ ಬೆಳಿಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕೂವರೆ ಕಳೆದ ಮೇಲೆ ಕೂರಿ. ಬೆಳಕು ಎಡದಿಂದ ಬರುತ್ತದೋ ಬಲದಿಂದ ಬರುತ್ತದೋ ಮೊದಲೇ ನಿಶ್ಚಯಿಸಿ. ಕಾಗದದ ಅಂಚಿನ ಟೇಪಿನ ಮೇಲೆ ಒಂದು ಬಾಣ ಹಾಕಿ. ಎರಡು ಗಂಟೆಯಲ್ಲಿ ಸೂರ್ಯ ಜರುಗುತ್ತಾನೆ, ನೀವು ಜರುಗಬಾರದು. ಫ್ರಾನ್ಸಿನ ಮೊನೆ ರೂವಾನ್ ಕೆಥೆಡ್ರಲನ್ನು ಬಿಡಿಸುವಾಗ ಇದಕ್ಕೆ ಬೇರೆಯೇ ದಾರಿ ಹುಡುಕಿದ್ದ. ಬೆಳಕು ಬದಲಾದ ಹಾಗೆ ಕ್ಯಾನ್ವಾಸನ್ನೇ ಬದಲಾಯಿಸುತ್ತಾ ಹೋದ. ಒಂದೇ ಮುಖಮಂಟಪದ 30ಕ್ಕೂ ಹೆಚ್ಚು ಚಿತ್ರಗಳಾದವು. ನಮಗೆ ಒಂದು ಸಾಕು ಮಾರಾಯರೇ.

ಬೆಂಕಿಪೆಟ್ಟಿಗೆಯಷ್ಟು ಚಿತ್ರ

ದೊಡ್ಡ ಕಾಗದಕ್ಕೆ ಹೋಗುವ ಮುಂಚೆ, ಬೆಂಕಿಪೆಟ್ಟಿಗೆಯ ಎರಡರಷ್ಟು ದೊಡ್ಡ ಚೌಕದಲ್ಲಿ ಪೆನ್ಸಿಲಿನಿಂದ ಮೂರು ಬಣ್ಣದ ನಕ್ಷೆ ಮಾಡಿ: ಬಿಳಿ, ಬೂದು, ಕಪ್ಪು. ಕಣ್ಣು ಅರೆಮುಚ್ಚಿ ನೋಡಿದರೆ ಯಾವುದು ಯಾವ ಗುಂಪಿಗೆ ಅಂತ ಗೊತ್ತಾಗುತ್ತದೆ. ಈ ಚಿತ್ರದಲ್ಲಿ ನನ್ನ ಹಂಚಿಕೆ ಹೀಗೆ: ಇಗರ್ಜಿಯ ಬೆಳಗಿದ ಗೋಡೆ ಮತ್ತು ಅದರ ಕೆಳಗಿನ ನೀರಿನ ಒಂದು ತುಂಡು ಬಿಳಿ. ಆಕಾಶ, ದೂರದ ಮರ, ಉಳಿದ ನೀರು ಬೂದು. ದಡದ ಮರಗಳ ಬುಡ ಮತ್ತು ಮುಂದಿನ ಹುಲ್ಲು ಕಪ್ಪು. ಶಿಖರವನ್ನು ಕಾಗದದ ಸರಿ ನಡುವಿಗೆ ತರಬೇಡಿ, ಬಲಕ್ಕೋ ಎಡಕ್ಕೋ ಸ್ವಲ್ಪ ಸರಿಸಿ.

ಇದು ಹತ್ತು ನಿಮಿಷದ ಕೆಲಸ. ಬಿಟ್ಟುಬಿಡುವವರೇ ಜಾಸ್ತಿ.

ಪೆನ್ಸಿಲ್ ಕೆಲಸ

ಮೊದಲ ಗೆರೆ ಕಣ್ಣಿನ ಮಟ್ಟದ್ದು. ಹಾಳೆಯನ್ನು ಅಡ್ಡ ಇಟ್ಟು, ಕೆಳಗಿನ ಅಂಚಿನಿಂದ 12 ಸೆಂಟಿಮೀಟರ್ ಮೇಲೆ ತೀರಾ ತೆಳುವಾಗಿ ಎಳೆಯಿರಿ. ಇದು ಕ್ಷಿತಿಜ. ಇದಕ್ಕಿಂತ ಮೇಲಿರುವ ಗೋಡೆ ಸೂರಿನ ಗೆರೆಗಳೆಲ್ಲ ದೂರ ಹೋಗುತ್ತಾ ಕೆಳಗೆ ಇಳಿಯುತ್ತವೆ. ಕೆಳಗಿರುವವು ಮೇಲೆ ಏರುತ್ತವೆ. ಅವು ಸೇರುವ ಬಿಂದುಗಳು ಹೆಚ್ಚಾಗಿ ಕಾಗದದ ಹೊರಗೇ ಇರುತ್ತವೆ. ಹೊರಗಿದೆ ಅಂತ ಅಂದಾಜಿನಲ್ಲಿ ಹೊಡೆಯಬೇಡಿ. ಮೇಜಿನ ಮೇಲೆ ಎರಡೂ ಬದಿಗೆ ಹಳೆಯ ಪೇಪರ್ ಅಂಟಿಸಿ, ಕ್ಷಿತಿಜದ ಗೆರೆಯನ್ನು ಅದರ ಮೇಲೂ ಮುಂದುವರಿಸಿ. ಬಿಂದು ಬರುವಲ್ಲಿ ಗುಂಡುಪಿನ್ನು ಚುಚ್ಚಿ ನೂಲು ಕಟ್ಟಿ. ನೂಲನ್ನು ಎಳೆದು ಹಿಡಿದರೆ ಪ್ರತಿ ಗೆರೆಯ ಓರೆಯೂ ಸಿಗುತ್ತದೆ. ಹೂ ಕಟ್ಟುವ ನೂಲು ಇದಕ್ಕೆ ಒಳ್ಳೆಯದು.

ಈಗ ಕಟ್ಟಡವನ್ನು ಪೆಟ್ಟಿಗೆಗಳಾಗಿ ನೋಡಿ. ಉದ್ದದ ಒಂದು ಪೆಟ್ಟಿಗೆ, ಅದರ ಮೇಲೆ ಇಳಿಜಾರಾದ ಮಾಡು (ಛಾವಣಿ). ಅದನ್ನು ಅಡ್ಡ ದಾಟುವ ಇನ್ನೊಂದು ಗಿಡ್ಡ ಪೆಟ್ಟಿಗೆ. ಎರಡೂ ಕೂಡುವಲ್ಲಿ ಚೌಕದ ಗೋಪುರ. ಗೋಪುರದ ಮೇಲೆ ಶಿಖರ.

ಶಿಖರದ ತುದಿ ವಾಲುವುದು ಎಲ್ಲರೂ ಮಾಡುವ ತಪ್ಪು. ಗೋಪುರದ ಎರಡು ಮುಖ ನಮಗೆ ಕಾಣುತ್ತವಲ್ಲ, ಕಣ್ಣಿಗೆ ಕಾಣುವ ಅಗಲದ ನಡುವಿಗೆ ತುದಿ ಇಟ್ಟುಬಿಡುತ್ತೇವೆ. ಅಲ್ಲಿ ಅದು ಇರುವುದಿಲ್ಲ. ಹೀಗೆ ಮಾಡಿ: ಗೋಪುರ ಗಾಜಿನದ್ದು ಅಂತ ತಿಳಿದು ಅದರ ಮೇಲ್ತುದಿಯ ನಾಲ್ಕೂ ಮೂಲೆ ಗುರುತಿಸಿ, ಕಾಣದ ಹಿಂದಿನ ಮೂಲೆಯನ್ನೂ ಸೇರಿಸಿ. ಎದುರುಬದುರು ಮೂಲೆಗಳನ್ನು ಸೇರಿಸುವ ಎರಡು ಗೆರೆ ಎಳೆಯಿರಿ. ಅವು ಕತ್ತರಿಸುವ ಬಿಂದುವಿನಿಂದ ನೆಟ್ಟಗೆ ಮೇಲೆ ಹೋಗಿ. ತುದಿ ಆ ಗೆರೆಯ ಮೇಲೆಯೇ ಇರಬೇಕು. ನಮ್ಮ ಕಾಗದದಲ್ಲಿ ಅದು ಕ್ಷಿತಿಜದಿಂದ 8 ಸೆಂಟಿಮೀಟರ್ ಮೇಲೆ ಬರಲಿ. ಆಗ ತಲೆಯ ಮೇಲೆ ಇನ್ನೂ 8 ಸೆಂಟಿಮೀಟರ್ ಆಕಾಶ ಉಳಿಯುತ್ತದೆ. ಸಾಲ್ಸ್‌ಬರಿಯ ಶಿಖರಕ್ಕೆ ಎಂಟು ಮುಖ. ಬೆಳಕು ಓರೆ ಇದ್ದಾಗ ಒಂದು ಬೆಳಗುತ್ತದೆ, ಒಂದು ನಡುವೆ, ಒಂದು ಕಪ್ಪು. ಪೆನ್ಸಿಲಿನಲ್ಲಿ ಅಷ್ಟು ಮಾತ್ರ ತೋರಿಸಿ.

ಕಿಟಕಿಯ ಚೂಪು ಕಮಾನು ಕಲಿಯಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ನಮ್ಮ ಕಾಸರಗೋಡಿನ ಹತ್ತಿರದ ಬೇಳ ಎಂಬ ಊರಿನ ಇಗರ್ಜಿ 1890ರದ್ದು, ಗೋಥಿಕ್ ಶೈಲಿಯದ್ದು. ಅಲ್ಲಿ ಹೊಳೆ ಇಲ್ಲ, ಆದರೆ ಕಮಾನು ನೋಡಲು ಅಷ್ಟು ಸಾಕು. ಪೂಜೆಯ ಹೊತ್ತು ಬಿಟ್ಟು, ಅಲ್ಲಿಯವರಿಗೆ ಒಂದು ಮಾತು ಹೇಳಿ ಅಂಗಳದಲ್ಲಿ ಕೂತು ಬಿಡಿಸಿ. ಕಮಾನಿನ ಗುಟ್ಟು ಸುಲಭ. ಕಿಟಕಿಯ ಎರಡು ಬದಿಯ ಗೋಡೆ ಬಾಗಲು ಶುರುವಾಗುವ ಬಿಂದುಗಳನ್ನು ಗುರುತಿಸಿ. ಒಂದು ಬಿಂದುವಿನಲ್ಲಿ ಕೈವಾರದ ಮುಳ್ಳಿಟ್ಟು ಇನ್ನೊಂದು ಬಿಂದುವಿನಿಂದ ಮೇಲಕ್ಕೆ ಕಮಾನು ಎಳೆಯಿರಿ. ಆಮೇಲೆ ತಿರುಗಿಸಿ ಎಳೆಯಿರಿ. ಎರಡು ಸೇರುವಲ್ಲಿ ಚೂಪು. ರಫ್ ಕಾಗದದಲ್ಲಿ ಇಪ್ಪತ್ತು ಸಲ ಮಾಡಿದರೆ ಕೈಗೆ ಕೂರುತ್ತದೆ. ನಿಜವಾದ ಚಿತ್ರದಲ್ಲಿ ಕೈವಾರ ಬೇಡ. ಅಲ್ಲಿ ಕಿಟಕಿ ಅಂದರೆ ಬ್ರಶ್ಶಿನ ಒಂದು ಒತ್ತು ಅಷ್ಟೇ.

ಆಕಾಶ

ಕಾನ್‌ಸ್ಟೆಬಲ್ 1821 ಮತ್ತು 22ರಲ್ಲಿ ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ ಬರೀ ಮೋಡಗಳನ್ನೇ ಬಿಡಿಸುತ್ತಾ ಕೂತಿದ್ದ. ಎಷ್ಟೋ ಚಿತ್ರಗಳ ಹಿಂದೆ ತಾರೀಕು, ಹೊತ್ತು, ಗಾಳಿ ಯಾವ ಕಡೆಯದ್ದು ಅಂತ ಬರೆದಿಡುತ್ತಿದ್ದ. ಚಿತ್ರದ ಭಾವವನ್ನು ಹೊರುವುದು ಆಕಾಶವೇ ಅಂತ ಗೆಳೆಯ ಜಾನ್ ಫಿಷರ್‌ಗೆ 1821ರ ಪತ್ರದಲ್ಲಿ ಹೇಳಿದ್ದ. ಈ ಫಿಷರ್ ಸಾಲ್ಸ್‌ಬರಿಯಲ್ಲೇ ಇದ್ದವನು. ಅವನ ಮನೆತನದ ಹಿರಿಯರೊಬ್ಬರು ಅಲ್ಲಿನ ಬಿಷಪ್. ಅವರ ಹೆಸರೂ ಜಾನ್ ಫಿಷರ್! ಬಿಷಪರ ತೋಟದಿಂದ ಕಾಣುವ ಕೆಥೆಡ್ರಲನ್ನು ಕಾನ್‌ಸ್ಟೆಬಲ್ 1823ರಲ್ಲಿ ಬಿಡಿಸಿ ಕೊಟ್ಟಾಗ ಬಿಷಪರಿಗೆ ಶಿಖರದ ಮೇಲಿನ ಕಪ್ಪು ಮೋಡ ಹಿಡಿಸಲಿಲ್ಲ. ನೀಲಿ ಆಕಾಶ ಬೇಕು ಅಂದರು. ಆಮೇಲೆ ಬಿಸಿಲಿನ ಆಕಾಶದ ಇನ್ನೊಂದು ಚಿತ್ರ ಆಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಟ್ಟಡ ಅದೇ, ಹವೆ ಬೇರೆ, ಚಿತ್ರವೇ ಬೇರೆ. ನನಗೆ ಮೋಡದ್ದೇ ಇಷ್ಟ. ಮಳೆಗಾಲದ ಊರಿನವನಲ್ವಾ.

ಮಾಡುವ ಕ್ರಮ: ಬೋರ್ಡಿನ ಮೇಲ್ತುದಿಯ ಅಡಿಗೆ ಒಂದು ಪುಸ್ತಕ ಇಟ್ಟು ಸ್ವಲ್ಪ ಓರೆ ಮಾಡಿ. ಚಪ್ಪಟೆ ಬ್ರಶ್ಶಿನಿಂದ ಆಕಾಶದ ಭಾಗಕ್ಕೆಲ್ಲ ಶುದ್ಧ ನೀರು ಹಚ್ಚಿ. ಇಗರ್ಜಿಯ ಬೆಳಗಿದ ಗೋಡೆಯನ್ನು ಮಾತ್ರ ಒಣಗಿಸಿಯೇ ಇಡಿ. ನೀರು ಮಿಂಚುವುದು ನಿಂತು ಹಸಿ ಹಸಿಯಾಗಿ ಕಾಣುವಾಗ, ಕ್ಷಿತಿಜದ ಹತ್ತಿರ ತೀರಾ ತೆಳು ಯೆಲ್ಲೋ ಓಕರ್ ಬಿಡಿ. ಮೇಲಿನಿಂದ ನೀಲಿ ತನ್ನಿ, ನೆತ್ತಿಯಲ್ಲಿ ಗಾಢ, ಕೆಳಗೆ ಬಂದಂತೆ ತೆಳು. ಮೋಡದ ಜಾಗದಲ್ಲಿ ಕಾಗದದ ಬಿಳಿಯನ್ನೇ ಬಿಡಿ. ಮೋಡದ ಹೊಟ್ಟೆಗೆ ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ ಬೆರೆಸಿದ ಬೂದು. ನೆತ್ತಿಯ ಮೋಡ ದೊಡ್ಡದು, ದೂರದ್ದು ಸಣ್ಣದು, ಚಪ್ಪಟೆ.

ಇಲ್ಲಿ ನಮ್ಮ ಊರಿನ ಹವೆ ಕೈಕೊಡುತ್ತದೆ. ಇಂಗ್ಲಿಷ್ ವಿಡಿಯೋದಲ್ಲಿ ಐದು ನಿಮಿಷ ಕಾಯಿರಿ ಅನ್ನುತ್ತಾರೆ. ಜುಲೈ ತಿಂಗಳಲ್ಲಿ ಕಾಸರಗೋಡಿನಲ್ಲಿ ಅರ್ಧ ಗಂಟೆಯಾದರೂ ಕಾಗದ ಒಣಗುವುದಿಲ್ಲ. ಆಚೆ ಮಾರ್ಚಿನಲ್ಲಿ ಬ್ರಶ್ ಎತ್ತುವ ಮೊದಲೇ ಒಣಗಿರುತ್ತದೆ. ಗಡಿಯಾರ ನೋಡಬೇಡಿ. ಬೆರಳಿನ ಹಿಂಭಾಗವನ್ನು ಕಾಗದಕ್ಕೆ ತಾಗಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಅರೆ ಒಣಗಿದಾಗ ಒಂದು ಹನಿ ನೀರು ಬಿದ್ದರೆ ಹೂಕೋಸಿನ ಹಾಗೆ ಅಂಚು ಏಳುತ್ತದೆ. ಎದ್ದರೆ ಮುಟ್ಟಬೇಡಿ, ಉಜ್ಜಿದಷ್ಟೂ ಕೆಡುತ್ತದೆ. ಪೂರ್ತಿ ಒಣಗಿದ ಮೇಲೆ ಅದನ್ನೇ ಒಂದು ಮೋಡ ಮಾಡಿಕೊಳ್ಳಿ.

ಕಾಮನಬಿಲ್ಲು ಹಾಕುವ ಆಸೆ ಬರುತ್ತದೆ. ಹಾಕಿ, ಆದರೆ ಲೆಕ್ಕ ಗೊತ್ತಿರಲಿ. ಕಾಮನಬಿಲ್ಲು ಕಾಣಬೇಕಾದರೆ ಸೂರ್ಯ ನಮ್ಮ ಬೆನ್ನ ಹಿಂದೆ ಇರಬೇಕು. ಸೂರ್ಯ 42 ಡಿಗ್ರಿಗಿಂತ ಮೇಲೆ ಇದ್ದರೆ ನೆಲದಲ್ಲಿ ನಿಂತವರಿಗೆ ಆಕಾಶದಲ್ಲಿ ಬಿಲ್ಲು ಕಾಣುವುದೇ ಇಲ್ಲ. ಹಾಗಾಗಿ ಗೋಡೆಯ ಮೇಲೆ ಪಕ್ಕದ ಬೆಳಕು ಬಿಟ್ಟು ಶಿಖರದ ಮೇಲೆ ಬಿಲ್ಲು ಕಟ್ಟಿದರೆ ಗೊತ್ತಿದ್ದವರು ನಗುತ್ತಾರೆ. ಕಾನ್‌ಸ್ಟೆಬಲ್‌ಗೆ ಸಲ್ಲುತ್ತದೆ, ಅವನ ಬಿಲ್ಲಿನ ತುದಿ ಇಳಿಯುವುದು ಗೆಳೆಯ ಫಿಷರನ ಮನೆಯ ಮೇಲೆ. ನಮಗೆ ಅಂಥ ಕಾರಣ ಇಲ್ಲ.

ದೂರದ ಮರಗಳನ್ನು ಆಕಾಶ ಪೂರ್ತಿ ಒಣಗುವ ಮೊದಲೇ, ನೀಲಿ ಬೆರೆತ ತೆಳು ಹಸಿರಿನಲ್ಲಿ ಒತ್ತಿ ಬಿಡಿ. ಅಂಚು ಮಸುಕಾದಷ್ಟು ದೂರ ಹೋಗುತ್ತವೆ. ಇದು ಸಾಲ್ಸ್‌ಬರಿ, ತೆಂಗಿನ ಮರ ನುಸುಳದ ಹಾಗೆ ನೋಡಿಕೊಳ್ಳಿ. ಕೈಗೆ ಅಭ್ಯಾಸ ಆಗಿರುತ್ತದೆ, ತಾನಾಗಿ ಬಂದುಬಿಡುತ್ತದೆ.

ಕಲ್ಲು

ಇಗರ್ಜಿಗೆ ಎರಡೇ ಸುತ್ತು ಬಣ್ಣ. ಮೊದಲ ಸುತ್ತಿನಲ್ಲಿ ಇಡೀ ಕಟ್ಟಡಕ್ಕೆ, ಶಿಖರ, ಮಾಡು ಎಲ್ಲ ಸೇರಿಸಿ, ನೀರಾದ ಯೆಲ್ಲೋ ಓಕರಿಗೆ ಕಣ್ಣಿಗೆ ಕಾಣದಷ್ಟು ಕ್ರಿಮ್ಸನ್ ಸೇರಿಸಿ ಹಚ್ಚಿ. ಸಾಲ್ಸ್‌ಬರಿಯ ಕಲ್ಲು ಕೆನೆ ಬಣ್ಣದ್ದು. ನಮ್ಮ ಮುರಕಲ್ಲಿನ ಕೆಂಪು ಕಣ್ಣಲ್ಲಿ ಕೂತಿದ್ದರೆ ಕೈ ಬರ್ಂಟ್ ಸಿಯೆನ್ನಾದ ಕಡೆಗೆ ಹೋಗುತ್ತದೆ, ತಡೆಯಿರಿ.

ಅದು ಒಣಗಿದ ಮೇಲೆ ಎರಡನೆಯ ಸುತ್ತು, ನೆರಳಿನ ಮಗ್ಗುಲು. ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ, ಒಂದು ಚೂರು ಕ್ರಿಮ್ಸನ್. ಮೇಲಿನಿಂದ ಶುರು ಮಾಡಿ ಬ್ರಶ್ ಎತ್ತದೆ ಕೆಳಗೆ ತನ್ನಿ. ಶಿಖರದ ಕಪ್ಪು ಮುಖ, ಗೋಪುರದ ಕಪ್ಪು ಮಗ್ಗುಲು, ಗೋಡೆ, ಎಲ್ಲ ಒಂದೇ ಹರಿವಿನಲ್ಲಿ ಸೇರಿಹೋಗಲಿ. ಕಿಟಕಿ ಬಂದಲ್ಲಿ ನಿಲ್ಲಬೇಡಿ. ಗೋಡೆಯ ಬುಡಕ್ಕೆ ಬಂದಾಗ ಬಣ್ಣ ಹಸಿ ಇರುವಾಗಲೇ ಸ್ವಲ್ಪ ಓಕರ್ ಬಿಡಿ. ಬಿಸಿಲು ಬಿದ್ದ ಹುಲ್ಲಿನ ಬೆಳಕು ಗೋಡೆಯ ಬುಡಕ್ಕೆ ತಾಗಿ ಅಲ್ಲಿ ನೆರಳು ತುಸು ಬೆಚ್ಚಗಿರುತ್ತದೆ. ಈ ಒಂದು ಚೂರು ಕೆಲಸದಿಂದ ಕಟ್ಟಡ ನೆಲಕ್ಕೆ ಕೂರುತ್ತದೆ.

ಜಲವರ್ಣ ಒಣಗಿದಾಗ ಹಚ್ಚಿದ್ದಕ್ಕಿಂತ ತೆಳುವಾಗುತ್ತದೆ. ಹಾಗಾಗಿ ಹಸಿ ಇರುವಾಗ ‘ಅಯ್ಯೋ, ಕಪ್ಪಾಯಿತು’ ಅನಿಸುವಷ್ಟು ಗಾಢ ಹಚ್ಚಿ. ಕಿಟಕಿಗಳು ಕೊನೆಗೆ. ಹತ್ತಿರದ ನಾಲ್ಕೈದು ಸ್ಪಷ್ಟ, ಉಳಿದವು ಬರೀ ಚುಕ್ಕೆ. ಎಲ್ಲ ಕಿಟಕಿಗೂ ಒಂದೇ ಕಪ್ಪು ಹಾಕಿದರೆ ಇಗರ್ಜಿ ಜರಡಿಯ ಹಾಗೆ ಕಾಣುತ್ತದೆ.

ಹೊಳೆ

ಈಗ ನೆರಳಿನ ಮಾತಿಗೆ ಬರೋಣ. ಸೂರ್ಯನ ಬೆಳಕು ತಡೆದಾಗ ಬೀಳುವುದು ನೆರಳು. ಕನ್ನಡಿಯಲ್ಲಿ ಕಂಡ ಹಾಗೆ ಕಾಣುವುದು ಪ್ರತಿಬಿಂಬ. ನೆರಳು ಸೂರ್ಯ ಜರುಗಿದ ಹಾಗೆ ಜರುಗುತ್ತದೆ. ಪ್ರತಿಬಿಂಬ ನೀವು ಜರುಗಿದ ಹಾಗೆ ಜರುಗುತ್ತದೆ. ಚಂದ್ರಗಿರಿ ದಡದಲ್ಲಿ ನಿಂತು ಹತ್ತು ಹೆಜ್ಜೆ ಪಕ್ಕಕ್ಕೆ ಹೋಗಿ ನೋಡಿ. ಆಚೆ ದಡದ ಮರದ ಪ್ರತಿಬಿಂಬ ಯಾವಾಗಲೂ ಆ ಮರ ಮತ್ತು ನಿಮ್ಮ ನಡುವಿನ ನೇರದಲ್ಲೇ ಇರುತ್ತದೆ. ಕಾಗದದಲ್ಲಿ ಅಂದರೆ ವಸ್ತುವಿನ ನೆಟ್ಟಗೆ ಕೆಳಗೆ. ಓರೆ ಬರುವುದಿಲ್ಲ.

ಜೂನ್, ಜುಲೈಯಲ್ಲಿ ಹೊಳೆ ಕೆಂಪು ಮಣ್ಣು ಕಲಸಿಕೊಂಡು ಬರುತ್ತದೆ. ಆ ಕೆಸರು ನೀರಿನ ಮೇಲೆ ಸೇತುವೆಯ ನೆರಳು ನೆಲದ ಮೇಲೆ ಬಿದ್ದ ಹಾಗೆ ಬೀಳುತ್ತದೆ. ಜನವರಿಯಲ್ಲಿ ನೀರು ತಿಳಿಯಾದಾಗ ನೆರಳು ಬಹುಪಾಲು ಮಾಯ, ಪ್ರತಿಬಿಂಬ ಮಾತ್ರ ಉಳಿಯುತ್ತದೆ. ಎರಡು ತಿಂಗಳಲ್ಲಿ ಎರಡು ಸಲ ಹೋಗಿ ನೋಡಿದರೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಚಿತ್ರದ ನೀರು ತಿಳಿ, ಆದ್ದರಿಂದ ಪ್ರತಿಬಿಂಬವೇ ಮುಖ್ಯ.

ಪ್ರತಿಬಿಂಬ ಎಷ್ಟು ಉದ್ದ? ‘ಮೇಲೆ ಎಷ್ಟೋ ಕೆಳಗೂ ಅಷ್ಟೇ’ ಅನ್ನುತ್ತಾರೆ. ನೀರಿನ ಅಂಚಿನಲ್ಲೇ ನಿಂತ ವಸ್ತುವಿಗೆ ಅದು ಸರಿ. ಇಗರ್ಜಿ ದಡದಿಂದ ಹಿಂದೆ ಇದೆಯಲ್ಲ, ಅಲ್ಲಿ ಲೆಕ್ಕ ತಪ್ಪುತ್ತದೆ. ಅಳೆಯಬೇಕಾದದ್ದು ದಡದ ಗೆರೆಯಿಂದ ಅಲ್ಲ. ದಡವನ್ನು ಕೊರೆದು ನೀರು ಇಗರ್ಜಿಯ ಬುಡದವರೆಗೆ ಹೋಗಿದ್ದರೆ ಎಲ್ಲಿ ತಾಗುತ್ತಿತ್ತೋ ಅಲ್ಲಿಂದ. ನಮ್ಮ ಕಾಗದದಲ್ಲಿ ಲೆಕ್ಕ ಹಾಕೋಣ. ದಡಕ್ಕೆ ನೀರು ತಾಗುವ ಗೆರೆ ಕ್ಷಿತಿಜದಿಂದ 3 ಸೆಂಟಿಮೀಟರ್ ಕೆಳಗೆ ಇರಲಿ. ಇಗರ್ಜಿಯ ಅಡಿಯಲ್ಲಿ ನೀರಿನ ಮಟ್ಟ, ಅದು ದೂರ ಇರುವುದರಿಂದ, ಕ್ಷಿತಿಜದಿಂದ 1 ಸೆಂಟಿಮೀಟರ್ ಕೆಳಗೆ ಬರುತ್ತದೆ. ಶಿಖರದ ತುದಿ ಕ್ಷಿತಿಜಕ್ಕಿಂತ 8 ಮೇಲೆ. ಅಂದರೆ ಆ ಮಟ್ಟದಿಂದ ತುದಿಗೆ 9. ಅದೇ 9ನ್ನು ಕೆಳಗೆ ಅಳೆದರೆ, ಪ್ರತಿಬಿಂಬದ ತುದಿ ಕ್ಷಿತಿಜದಿಂದ 10 ಸೆಂಟಿಮೀಟರ್ ಕೆಳಗೆ, ದಡದ ಗೆರೆಯಿಂದ 7. ಕಣ್ಣುಮುಚ್ಚಿ ದಡದಿಂದ ಅಳೆದಿದ್ದರೆ 11 ಹಾಕುತ್ತಿದ್ದೆವು. ನಾಲ್ಕು ಸೆಂಟಿಮೀಟರ್ ತಪ್ಪು! ಇಗರ್ಜಿಯ ಬುಡ, ಬಾಗಿಲು, ಕೆಳಗಿನ ಗೋಡೆಯ ಸ್ವಲ್ಪ ಭಾಗ ನೀರಿನಲ್ಲಿ ಕಾಣುವುದೇ ಇಲ್ಲ, ದಡ ಅವನ್ನು ಮರೆಮಾಡುತ್ತದೆ.

ಇನ್ನೂ ಮೂರು ವಿಷಯ ನೋಡಿಕೊಳ್ಳಿ. ಬೆಳಗಿದ ಗೋಡೆ ಎಡಕ್ಕಿದ್ದರೆ ನೀರಿನಲ್ಲೂ ಎಡಕ್ಕೇ ಇರುತ್ತದೆ. ಪ್ರತಿಬಿಂಬದಲ್ಲಿ ಬಿಳಿ ಸ್ವಲ್ಪ ಮಂಕಾಗುತ್ತದೆ, ಕಪ್ಪು ಸ್ವಲ್ಪ ತಿಳಿಯಾಗುತ್ತದೆ. ಮತ್ತೆ, ದೂರದ ನೀರು ಆಕಾಶವನ್ನೇ ತೋರಿಸುತ್ತದೆ. ಕಾಲ ಬುಡದ ನೀರಿನಲ್ಲಿ ಆಕಾಶ ಕಡಿಮೆ, ತಳದ ಹಸಿರು ಕಂದು ಜಾಸ್ತಿ. ಆದ್ದರಿಂದ ನೀರಿನ ಬಣ್ಣ ದೂರದಲ್ಲಿ ತೆಳು, ಹತ್ತಿರ ಗಾಢ.

ಬಣ್ಣ ಹಚ್ಚುವುದು ಹೀಗೆ. ನೀರಿನ ಭಾಗ ಪೂರ್ತಿ ಒದ್ದೆ ಮಾಡಿ. ಆಕಾಶಕ್ಕೆ ಹಾಕಿದ ಬಣ್ಣಗಳನ್ನೇ ತಲೆಕೆಳಗು ಮಾಡಿ, ಒಂದು ಪಾಲು ಮಂಕು ಮಾಡಿ ಬಿಡಿ. ಹಸಿ ಇರುವಾಗಲೇ ಇಗರ್ಜಿಯ ಕೆನೆ, ಅದರ ನೆರಳಿನ ಬೂದು, ದಡದ ಮರಗಳ ಹಸಿರು, ಎಲ್ಲವನ್ನೂ ಮೇಲಿನಿಂದ ಕೆಳಗೆ ಎಳೆಯಿರಿ. ಅಡ್ಡ ಎಳೆಯಬೇಡಿ. ಅಂಚು ಹರಡಲಿ. ಈ ಕೆಲಸಕ್ಕೆ ಮೂರು ನಾಲ್ಕು ನಿಮಿಷ ಸಿಗುತ್ತದೆ, ಆದ್ದರಿಂದ ಬಣ್ಣಗಳನ್ನು ಮೊದಲೇ ತಟ್ಟೆಯಲ್ಲಿ ಬೆರೆಸಿ ಇಟ್ಟುಕೊಳ್ಳಿ. ಅರೆ ಒಣಗಿದಾಗ ಚಪ್ಪಟೆ ಬ್ರಶ್ಶನ್ನು ತೊಳೆದು ಹಿಂಡಿ, ಅದರ ಚೂಪು ಅಂಚಿನಿಂದ ಒಂದೆರಡು ಅಡ್ಡ ಗೆರೆ ಎಳೆದು ಬಣ್ಣ ಎತ್ತಿ. ಗಾಳಿ ಸವರಿಹೋದ ಹಾಗೆ ಬೆಳ್ಳಿ ಗೆರೆ ಮೂಡುತ್ತದೆ. ಎರಡು ಸಾಕು, ಮೂರನೆಯದಕ್ಕೆ ಕೈ ಹೋಗುತ್ತದೆ, ಕಟ್ಟಿಹಾಕಿ. ಪೂರ್ತಿ ಒಣಗಿದ ಮೇಲೆ ಹತ್ತಿರದ ನೀರಿಗೆ ಮಾತ್ರ ನಾಲ್ಕಾರು ಅಲೆ. ಹತ್ತಿರ ಅಗಲ, ಮೇಲೆ ಹೋದಂತೆ ಕೂದಲೆಳೆ.

ಚಂದ್ರಗಿರಿಯಲ್ಲಿ ಕೂತು ಅಭ್ಯಾಸ ಮಾಡುವವರಿಗೆ ಒಂದು ಕಿವಿಮಾತು. ಅಳಿವೆಯ ಹತ್ತಿರ ಸಮುದ್ರದ ಏರಿಳಿತ ಹೊಳೆಯಲ್ಲೂ ಇರುತ್ತದೆ. ಎರಡು ಗಂಟೆಯಲ್ಲಿ ದಡದ ಗೆರೆ ಕೆಸರು ಬಿಟ್ಟು ಕೆಳಗೆ ಹೋಗಿರುತ್ತದೆ. ಕೂತ ಕೂಡಲೇ ನೀರಿನ ಗೆರೆ ಎಳೆದು ಅದನ್ನೇ ನಂಬಿ.

ಮುಂದಿನ ದಡ

ಮುಂದೆ ಗಾಢ ಹುಲ್ಲು, ಆಪು ಎಂಬ ಜೊಂಡು, ಒಂದು ಮುರಿದ ಬೇಲಿ ಗೂಟ. ಶಿಖರದ ಪ್ರತಿಬಿಂಬದ ತುದಿ ಕಾಗದದ ಅಂಚಿನಿಂದ 2 ಸೆಂಟಿಮೀಟರ್ ಮೇಲೆ ಬಂದಿದೆಯಲ್ಲ, ಅದು ಈ ಹುಲ್ಲಿನಲ್ಲಿ ಅರ್ಧ ಮುಚ್ಚಿಹೋಗಲಿ. ರಿಗ್ಗರಿನಿಂದ ಬುಡದಿಂದ ತುದಿಗೆ ಒಂದೇ ಎಳೆತ. ಮನುಷ್ಯರನ್ನು ಹಾಕುವುದಾದರೆ ಒಬ್ಬ ಸಾಕು, ತಲೆಗೆ ಒಂದು ಚುಕ್ಕೆ, ಮೈಗೆ ಒಂದು ಒತ್ತು. ಮುಖ ಬಿಡಿಸಬೇಡಿ.

ಈಗ ಚಿತ್ರವನ್ನು ತಲೆಕೆಳಗಾಗಿ ಗೋಡೆಗೆ ಒರಗಿಸಿ ಹತ್ತು ಅಡಿ ದೂರದಿಂದ ನೋಡಿ. ಪ್ರತಿಬಿಂಬ ಪಕ್ಕಕ್ಕೆ ಸರಿದಿದ್ದರೆ ಆಗ ಕೂಡಲೇ ಕಣ್ಣಿಗೆ ಬೀಳುತ್ತದೆ. ಸಣ್ಣ ತಪ್ಪಾದರೆ ಒದ್ದೆ ಬ್ರಶ್ಶಿನಿಂದ ಎತ್ತಿ ತಿದ್ದಬಹುದು. ದೊಡ್ಡದಾದರೆ ಕಾಗದ ತಿರುಗಿಸಿ ಹಿಂಬದಿಯಲ್ಲಿ ಮತ್ತೆ ಶುರು ಮಾಡಿ. ಹತ್ತಿಯ ಕಾಗದಕ್ಕೆ ಎರಡು ಮುಖ ಇವೆ, ದುಡ್ಡು ಕೊಟ್ಟದ್ದು ಎರಡಕ್ಕೂ.

ಫ್ರೇಮು

ನನ್ನ ಒಂದು ಒಳ್ಳೆಯ ಚಿತ್ರವನ್ನು ಫ್ರೇಮಿನ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಮೌಂಟು ಹಾಕಿ ಅಂತ ಹೇಳಿದ್ದೆ. ಅವರು ಖರ್ಚು ಉಳಿಸಲು ಕಾಗದವನ್ನು ನೇರ ಗಾಜಿಗೆ ತಾಗಿಸಿ ಮೊಳೆ ಹೊಡೆದು ಕೊಟ್ಟರು. ನಾನೂ ನೋಡದೆ ತಂದು ತೂಗುಹಾಕಿದೆ. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಆಕಾಶದ ತುಂಬ ಕಂದು ಚುಕ್ಕೆ. ಮೊದಲು ಹಕ್ಕಿಗಳ ಹಿಂಡು ಬಿಡಿಸಿದ್ದೆನಾ ಅಂತ ನನಗೇ ಅನುಮಾನ ಬಂತು. ಬೂಷ್ಟು. ಫ್ರೇಮಿನಿಂದ ಬಿಚ್ಚಲು ಹೋದರೆ ಕಾಗದ ಗಾಜಿಗೆ ಅಂಟಿ ಶಿಖರದ ತುದಿಯೇ ಕಿತ್ತು ಬಂತು.

ಹಾಗಾಗಿ ಗಾಜಿಗೂ ಕಾಗದಕ್ಕೂ ನಡುವೆ ದಪ್ಪ ಮೌಂಟ್ ಬೋರ್ಡ್ ಇರಲೇಬೇಕು. ಆಮ್ಲ ಇಲ್ಲದ್ದು ಕೇಳಿ. ಅಂಗಡಿಯಲ್ಲಿ ಎದುರು ನಿಂತೇ ಮಾಡಿಸಿ. ಕಾಗದವನ್ನು ಪೂರ್ತಿ ಅಂಟಿಸಬಾರದು, ಮೇಲಿನ ಎರಡು ಕಡೆ ಮಾತ್ರ ಕಾಗದದ ಪಟ್ಟಿಯಿಂದ ತೂಗುಬಿಡಬೇಕು. ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ನಮ್ಮ ಮುರಕಲ್ಲಿನ ಗೋಡೆ ತೇವ ಎಳೆಯುತ್ತದೆ, ಆದ್ದರಿಂದ ಹೊರಗೋಡೆ ಬಿಟ್ಟು ಒಳಗೋಡೆಗೆ ತೂಗುಹಾಕಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬಿರಡೆಯಿಂದ ಕೊಯ್ದ ಎರಡು ಬಿಲ್ಲೆ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಬೆರಳಷ್ಟು ಗಾಳಿ ಆಡುತ್ತದೆ. ಸೆಪ್ಟೆಂಬರಿನಲ್ಲಿ ಬಿಸಿಲು ಬಂದ ದಿನ ಇಳಿಸಿ, ಹಿಂಬದಿಯನ್ನು ಒಣ ಬಟ್ಟೆಯಿಂದ ಒರೆಸಿ, ಬಿಲ್ಲೆ ಬಿದ್ದುಹೋಗಿದೆಯೋ ನೋಡಿ ಮತ್ತೆ ತೂಗುಹಾಕಿ.